ಪಟದ ಬೆನ್ನಿನ ಮೇಲೆ ಬರೆಯತಕ್ಕ ನಾಲ್ಕು ಸಾಲು

ಹಳೆಯ ವಿದ್ಯಾರ್ಥಿನಿಯರಾದ ಸಹೋದರಿಯರಿಗೂ ಪೋಷಕ ಮಹಾಶಯರಿಗೂ ಈ ಸಂಚಿಕೆಯ ಮೂಲಕ ಒಂದು ವಿಷಯವನ್ನು ಅರಿಕೆಮಾಡಿಕೊಳ್ಳಬೇಕೆಂಬುದು ನನ್ನ ಬಹುದಿನದ ಇಚ್ಛೆ. ಪೂರ್ವಿಕರ ಸಂಸ್ಕೃತಿಯ ಕುರುಹುಗಳೆಂದೊಡನೆ ನಮ್ಮ ಮನಸ್ಸು ಬೇಲೂರು ಹಳೇಬೀಡುಗಳಿಗೆ, ಇಲ್ಲವೆ ತರೀಕೆರೆಯ ಸಮೀಪದ ಅಮೃತಾಪುರಕ್ಕೆ ಓಡುತ್ತದೆ. ಇದು ಸಹಜವೇ ಸರಿ. 1196ರಲ್ಲಿ ನಿರ್ಮಿತವಾದ ಅಮೃತೇಶ್ವರ ದೇವಾಲಯವನ್ನು ಕಂಡು ಬೆರಗಾಗದವರಾರು? ಆದರೆ ನಾವು ಹುಟ್ಟಿ ಬೆಳೆದ ಮನೆಯ ಜಗಲಿ, ನೀರು ಸೇದಿದ ಬಾವಿ, ಸಂತೆಯ ಬಯಲು, ಪೇಟೆಯ ಸಾಲಂಗಡಿ, ಇವೂ ನಮ್ಮ ಜನಜೀವನದ ಶಾಸನಗಳೇ ಆಗಿವೆ. ಇವುಗಳನ್ನು ಓದುವ ಕಣ್ಣು ನಮಗಿಲ್ಲದಿರುವುದೇ ಕೊರತೆ.

ನನ್ನ ತವರು ಕಡೂರು ತಾಲ್ಲೂಕಿನ ಯಗಟಿ. ಮಳೆ ಕಡಮೆಯಾದ ಬಯಲುಸೀಮೆ. ತೆಂಗೇ ಅಲ್ಲಿಯ ಜನರ ಜೀವಾಳ. ನಮ್ಮ ಹಳೆಯ ಮನೆಯ ಅಟ್ಟಕ್ಕೆ ಹಲಗೆಯ ಹಾಸಿಲ್ಲ; ಸಂದುಬಿಟ್ಟು ಜೋಡಿಸಿದ ಗಳುಗಳು ಮಾತ್ರ. ಬಲಿತ ತೆಂಗಿನಕಾಯಿಗಳನ್ನು ಸಿಪ್ಪೆಸಹಿತ ಅದರ ಮೇಲೆ ಹರಡಿ, ಹತ್ತು ಹನ್ನೆರಡು ತಿಂಗಳು ಬಿಡುತ್ತಿದ್ದರು. ಕೆಳಗಿನ ಅಡಿಗೆಯ ಹೊಗೆ ಮೇಲೇರಿ ಕಾಯನ್ನು ಕಾಪಾಡುತ್ತಿತ್ತು. ಒಳಗಿನ ನೀರು ಇಂಗಿ, ಕಾಯನ್ನು ಅಲುಗಿಸಿದರೆ ಕೊಬ್ಬರಿ ಗುಡುಗುಡು ಎಂದಾಗಲೇ ಅದು ಮಾಗಿತೆಂದು ಹಿರಿಯರು ಹೇಳುತ್ತಿದ್ದರು. ಅದೇ ಮನೆಯ ಸೂರಿಗೆ ಹೊದಿಸಿದ ಹೆಂಚಿನ ಬೆನ್ನನ್ನು ನೋಡಿದರೆ ಮಂಗಳೂರಿನ ಕಾರ್ಖಾನೆಯೊಂದರ ಹೆಸರು ಅಚ್ಚೊತ್ತಿದೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮವು ಘಟ್ಟವನ್ನೇರಿ ನಮ್ಮ ಬಯಲಿನ ಮನೆಗಳವರೆಗೂ ಬಂದ ಕಥೆಯನ್ನು ಆ ಒಂದು ಹೆಂಚು ಹೇಳುತ್ತದೆ. ನೇತ್ರಾವತಿಯ ತೀರದ ಜೇಡಿಯೂ ಯಗಟಿಯ ತೆಂಗೂ ಒಂದೇ ಮಾಡಿನಡಿ ಸೇರಿದ್ದುವು. ಇದು ಚರಿತ್ರೆಯಲ್ಲವೆ?

ನಮ್ಮ ನಾಡಿಗೆ ಛಾಯಾಚಿತ್ರಕಲೆ ಬಂದುದು ತಡವಾಗಿಯೇನೂ ಅಲ್ಲ. 1839ರಲ್ಲಿ ಯೂರೋಪಿನಲ್ಲಿ ಪ್ರಕಟವಾದ ಈ ವಿದ್ಯೆಯನ್ನು, 1854ರ ಕೊನೆಯಲ್ಲಿ ಲಿನೇಯಸ್ ಟ್ರೈಪ್ ಎಂಬ ಸೇನಾಧಿಕಾರಿಯು ಹಳೇಬೀಡು ಬೇಲೂರುಗಳ ಮೇಲೆ ಪ್ರಯೋಗಿಸಿದನು. 1866ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಗಳ ಶಿಲ್ಪವನ್ನು ಕುರಿತು, ಮೆಡೋಸ್ ಟೇಲರ್ ಮತ್ತು ಫರ್ಗುಸನ್ನರ ವಿವರಣೆಗಳೊಡನೆ ಚಿತ್ರಗಳ ಗ್ರಂಥವೇ ಹೊರಬಂದಿತು. ಈ ಮಹನೀಯರ ಶ್ರಮಕ್ಕೆ ನಾವು ಋಣಿಗಳು. ಆದರೂ ಅವರ ದೃಷ್ಟಿಯು ಬಹುಮಟ್ಟಿಗೆ ಕಲ್ಲಿನ ಮೇಲೆ ನೆಟ್ಟಿತ್ತು; ಬೀಸುಕಲ್ಲು, ಒರಳು, ಒಲೆಗಳ ಕಡೆಗೆ ತಿರುಗಿದುದು ವಿರಳ. ಆ ಕೊರತೆಯನ್ನು ನೀಗಿದವರಲ್ಲಿ ಮೈಸೂರಿನ ಟಿ. ಎಸ್. ಸತ್ಯನ್ ಅವರು (1923-2009) ಸ್ಮರಣೀಯರು. ವಿದೇಶದ ಹೆಸರಾಂತ ಪತ್ರಿಕೆಗಳಿಗೆ ಚಿತ್ರಗಳನ್ನೊದಗಿಸಿ, 1977ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದ ಅವರು ಸಾಮಾನ್ಯ ಜನರ ದಿನಚರಿಯನ್ನೇ ತಮ್ಮ ಮುಖ್ಯ ವಸ್ತುವನ್ನಾಗಿ ಮಾಡಿಕೊಂಡಿದ್ದರು.

ಇಂಥ ಕೆಲಸಕ್ಕೆ ಅವಸರವೇನೆಂದು ಕೇಳುವವರು ಮೈಸೂರನ್ನು ನೆನೆಯಲಿ. ಅಲ್ಲಿಯ ಲ್ಯಾನ್ಸ್‌ಡೌನ್ ಕಟ್ಟಡದ ಸಾಲಂಗಡಿಗಳಲ್ಲಿ ಎಷ್ಟು ತಲೆಮಾರಿನ ಮಕ್ಕಳು ಪಠ್ಯಪುಸ್ತಕಗಳನ್ನು ಕೊಳ್ಳಲಿಲ್ಲ! 2012ರ ಆಗಸ್ಟಿನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವವೂ ಬಿದ್ದಿತು. ನಿತ್ಯವೂ ಕಾಣುವುದು ನಿತ್ಯವೂ ಇರುವುದೆಂದು ನಂಬಿ ಸುಮ್ಮನಿರುವುದು ಎಂಥ ಭ್ರಾಂತಿಯೆಂದು ತಿಳಿಯಲು ಬೇರೆ ನಿದರ್ಶನ ಬೇಡ.

ಆದರೆ ಪಟವೊಂದಿದ್ದರೆ ಸಾಕೆಂದು ನಾನು ಹೇಳಲಾರೆ. ನನ್ನ ತಾಯಿಯವರು ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ ಶಾಲೆಯ ಗುಂಪು ಚಿತ್ರವೊಂದು ದೊರೆಯಿತು. ಮುಂದೆ ಕುರ್ಚಿಗಳಲ್ಲಿ ಕುಳಿತವರ ಹೆಸರುಗಳು ಕೆಳಗೆ ಅಚ್ಚಾಗಿವೆ. ಹಿಂದೆ ನಿಂತ ಹುಡುಗಿಯರ ಹೆಸರುಗಳಿಲ್ಲ. ಅವರಲ್ಲಿ ತಾಯಿಯನ್ನು ಮಾತ್ರ ಗುರುತಿಸಬಲ್ಲೆ. ತಾಯಿಯ ಹೆಗಲ ಮೇಲೆ ಕೈಯಿಟ್ಟು ನಗುತ್ತಿರುವ ಗೆಳತಿ ಯಾರು? ಆಕೆಯ ಊರು ಯಾವುದು? ಮುಂದೆ ಓದಿದಳೋ, ಇಲ್ಲವೋ? ಕೇಳಬಹುದಾಗಿದ್ದ ದಿನಗಳಲ್ಲಿ ನಾನು ಕೇಳಲಿಲ್ಲ, ಈಗ ಹೇಳುವವರಿಲ್ಲ. ಪಟದ ಹಿಂಬದಿ ಬರಿದಾಗಿದೆ. ನಮ್ಮ ಮನೆಯ ಹೆಂಚಿನ ಬೆನ್ನಿನ ಮೇಲೆ ಹೆಸರುಂಟು. ಹೆಣ್ಣುಮಕ್ಕಳ ಪಟದ ಬೆನ್ನಿನ ಮೇಲೆ ಇಲ್ಲ. ಇದನ್ನು ಬರೆಯುವಾಗ ನನಗಾಗುವ ವ್ಯಥೆ ಓದುವವರಲ್ಲಿ ಕೆಲವರಿಗಾದರೂ ಪರಿಚಿತವಾಗಿರಬೇಕು.

ಇಂದು ಪ್ರತಿಯೊಬ್ಬರ ಕೈಯಲ್ಲೂ ಚಿತ್ರ ತೆಗೆಯುವ ಫೋನಿದೆ. ಇನ್ನು ಈ ಉಪದೇಶವೇಕೆಂದು ಕೆಲವರು ಆಕ್ಷೇಪಿಸಬಹುದು. ಚಿತ್ರಗಳು ಹೆಚ್ಚಿದಷ್ಟೂ ನೆನಪು ಹೆಚ್ಚುವುದೆಂಬ ನಿಯಮವಿಲ್ಲ. ಸಾವಿರ ಚಿತ್ರಗಳಲ್ಲಿ ಮುಕ್ಕಾಲು ಪಾಲು ನಮ್ಮ ಮುಖವೇ. ಹಿಂದಿನ ಗೋಡೆ ಆಕಸ್ಮಿಕವಾಗಿ ಬಂದಿರುತ್ತದೆ. ಫೋನು ಕೆಟ್ಟರೆ ಅದೂ ಇಲ್ಲ. ಚಿತ್ರ ತೆಗೆದಾಯಿತು, ಇನ್ನು ಮನೆಯನ್ನು ಕೆಡವಬಹುದೆಂಬ ಸಮಾಧಾನವೂ ಅಪಾಯಕರವೇ. ಕಾಪಾಡಬಹುದಾದುದನ್ನು ಮೊದಲು ಕಾಪಾಡಬೇಕು. ಪಟವು ಮನೆಗೆ ಬದಲಲ್ಲ. ಇನ್ನೊಂದು ಮಾತು: ಸಂತೆಯಲ್ಲಿ ಕುಳಿತ ಮುದುಕಿಯನ್ನಾಗಲಿ, ಕೂಲಿಯ ಹೆಂಗಸನ್ನಾಗಲಿ ಕೇಳದೆ ಚಿತ್ರಿಸುವುದು ಸೌಜನ್ಯವಲ್ಲ. ಆಕೆಯ ಅನುಮತಿಯನ್ನೂ ಹೆಸರನ್ನೂ ಕೇಳಬೇಕು. ಸಾಧ್ಯವಾದರೆ ಪಟದ ಒಂದು ಪ್ರತಿಯನ್ನು ಆಕೆಗೂ ಕೊಡಬೇಕು.

ಆದಕಾರಣ ನನ್ನ ಸೂಚನೆ ಇಷ್ಟೇ. ಬೆಂಗಳೂರು, ಮೈಸೂರು, ಮುಂಬಯಿ, ಪರದೇಶಗಳಲ್ಲಿ ನೆಲೆಸಿರುವ ನಮ್ಮ ಸಹೋದರಿಯರು ಮುಂದಿನ ರಜೆಯಲ್ಲಿ ತವರಿಗೆ ಹೋದಾಗ ನಿತ್ಯದ ಒಂದೇ ಒಂದು ಸ್ಥಳವನ್ನು ಚಿತ್ರಿಸಲಿ: ಅಡಿಗೆಮನೆ, ಹಿತ್ತಲ ಬಾವಿ, ತಾವು ಹತ್ತುತ್ತಿದ್ದ ಬಸ್ಸು ನಿಲ್ಲುವ ಕಟ್ಟೆ, ಯಾವುದಾದರೂ ಸರಿ. ಅದನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಬೆನ್ನಿನ ಮೇಲೆ ನಾಲ್ಕು ಸಾಲು ಬರೆಯಲಿ: ಇದು ಯಾವ ಸ್ಥಳ, ಯಾವ ದಿನ, ಇಲ್ಲಿ ಕಾಣುವವರು ಯಾರು, ಇಲ್ಲಿ ನಡೆಯುತ್ತಿದ್ದ ಕೆಲಸವೇನು. ಮನೆಯಲ್ಲಿರುವ ಹಳೆಯ ಪಟಗಳನ್ನು ವೃದ್ಧರ ಮುಂದಿಟ್ಟು ಹೆಸರುಗಳನ್ನು ಕೇಳಿ ಬರೆದುಕೊಳ್ಳಲಿ. ಪೋಷಕರು ತಮ್ಮ ಮಕ್ಕಳಿಂದ ಈ ಕೆಲಸವನ್ನು ಮಾಡಿಸಲಿ. ಅಜ್ಜಿಯೊಡನೆ ಕಳೆದ ಆ ಒಂದು ಗಂಟೆ ಇತಿಹಾಸದ ಒಂದು ಪಾಠಕ್ಕೆ ಕಡಮೆಯಾಗದು. ಒಂದೊಂದು ಪ್ರತಿಯನ್ನು ಶಾಲೆಯ ಪುಸ್ತಕಭಂಡಾರಕ್ಕೆ ಒಪ್ಪಿಸಿದರೆ ಕೆಲವೇ ವರ್ಷಗಳಲ್ಲಿ ಅನೇಕ ಊರುಗಳ ಬಾಳು ಒಂದೇ ಕಪಾಟಿನಲ್ಲಿ ಸೇರುವುದು.

ಈ ಸಂಚಿಕೆಯಲ್ಲಿಯೂ ಗುಂಪು ಚಿತ್ರಗಳಿರುವುವು. ಹಿಂದಿನ ಸಾಲಿನಲ್ಲಿ ನಿಂತ ಕಟ್ಟಕಡೆಯ ಹುಡುಗಿಯ ಹೆಸರನ್ನೂ ಅವುಗಳ ಕೆಳಗೆ ಅಚ್ಚುಮಾಡಬೇಕೆಂದು ಸಂಪಾದಕ ಮಂಡಲಿಯವರನ್ನು ವಿನಯದಿಂದ ಪ್ರಾರ್ಥಿಸುತ್ತೇನೆ. ಆಕೆಯ ಮಗಳು ಒಂದು ದಿನ ಇದನ್ನು ತೆರೆದು ನೋಡುವಳು.