ರಾತ್ರಿ ಬೀಡುಬಿಡುವ ಲಾರಿಗಳು, ನಿದ್ದೆ ಬಿಡದ ನಗರಸಭೆ

ಕಳೆದ ತಿಂಗಳು ನಮ್ಮ ಮೊಹಲ್ಲಾದ ಹಿರಿಯರೊಬ್ಬರು ರಾತ್ರಿ ತೀರಿಕೊಂಡರು. ಸುಬ್‌ಹಿ ನಮಾಝ್ ಆದ ಸ್ವಲ್ಪ ಹೊತ್ತಿಗೆ ಜನಾಝ ಹೊರಟಿತು. ಮನೆಯಿಂದ ಪಳ್ಳಿಗೆ ಹೆಚ್ಚೆಂದರೆ ಐದು ನಿಮಿಷದ ದಾರಿ. ರಸ್ತೆಯ ಎರಡೂ ಬದಿಯಲ್ಲಿ ರಾತ್ರಿ ನಿಲ್ಲಿಸಿದ ಲಾರಿಗಳು ಹಾಗೆಯೇ ಇದ್ದವು, ಚಾಲಕರು ಒಳಗೆ ನಿದ್ದೆಯಲ್ಲಿದ್ದರು. ನಡುವೆ ಉಳಿದಿದ್ದ ಜಾಗದಲ್ಲಿ ಎದುರಿನಿಂದ ಹಾಲಿನ ಟೆಂಪೊ ಬಂತು. ಅವನಿಗೂ ಹಿಂದಕ್ಕೆ ಹೋಗಲು ದಾರಿಯಿಲ್ಲ. ಕೊನೆಗೆ ಹೆಗಲು ಕೊಟ್ಟವರೇ ಲಾರಿಯ ಚಕ್ರಕ್ಕೆ ಬೆನ್ನು ಒತ್ತಿ ನಿಂತು, ಮಯ್ಯತ್ತನ್ನು ಓರೆ ಹಿಡಿದು, ಟೆಂಪೊವನ್ನು ದಾಟಿಸಿದರು. ಜನಾಝ ಕಂಡರೆ ಅಂಗಡಿಯವರು ಕೂಡ ಎದ್ದು ನಿಲ್ಲುವ ಊರಿನಲ್ಲಿ ಜನಾಝವೇ ಬದಿಗೆ ಸರಿದು ನಿಂತದ್ದನ್ನು ನಾವು ನೋಡಿದೆವು.

ಮೊಹಲ್ಲಾದ ಹೆಸರು ಬರೆಯುವುದಿಲ್ಲ. ಬರೆದರೆ ‘ಅದು ಅವರ ಸಮಸ್ಯೆ’ ಅಂತ ಉಳಿದವರು ಪುಟ ತಿರುಗಿಸುತ್ತಾರೆ. ತಲಪಾಡಿಯಿಂದ ಬೈಂದೂರಿನ ತನಕ ಹೆದ್ದಾರಿಗೆ ತಾಗಿಕೊಂಡಿರುವ ಯಾವ ಜಮಾಅತಿನವರು ಓದಿದರೂ ಇದು ನಮ್ಮದೇ ರಸ್ತೆ ಅನ್ನಿಸಬಹುದು. ಹೆದ್ದಾರಿಯಿಂದ ಒಳಗೆ ತಿರುಗುವ ಕಾಂಕ್ರೀಟ್ ರಸ್ತೆ, ಒಂದು ಪಳ್ಳಿ, ಮದ್ರಸ, ಎರಡು ಗೂಡಂಗಡಿ, ಒಂದು ಪಂಕ್ಚರ್ ಅಂಗಡಿ, ಮತ್ತೆ ಮನೆಗಳು. ಮಗ್ರಿಬ್ ಆದ ಮೇಲೆ ಲಾರಿಗಳು ಬರಲು ಶುರುವಾಗುತ್ತವೆ. ಇಶಾ ಕಳೆಯುವಾಗ ರಸ್ತೆ ತುಂಬಿರುತ್ತದೆ. ಬೆಳಗ್ಗೆ ಏಳೆಂಟು ಗಂಟೆಯ ತನಕ ಚಾಲಕರ ಅಡುಗೆ, ಸ್ನಾನ, ನಿದ್ದೆ ಎಲ್ಲ ಅಲ್ಲೇ.

ಇದರಿಂದ ಎಂತ ತೊಂದರೆ ಅಂತ ನಗರಸಭೆಯ ಅಧಿಕಾರಿಯೊಬ್ಬರು ನಮ್ಮನ್ನೇ ಕೇಳಿದ್ದುಂಟು. ‘ರಾತ್ರಿ ಹೇಗೂ ನೀವು ಮಲಗಿರ್ತೀರಲ್ಲ?’ ಅಂತ. ಅವರಿಗಾಗಿ ಬರೆಯುತ್ತೇವೆ. ಬೆಳಗ್ಗೆ ಆರೂವರೆಗೆ ಮದ್ರಸಕ್ಕೆ ಹೋಗುವ ಮಕ್ಕಳು ಎರಡು ಲಾರಿಗಳ ಸಂದಿಯಿಂದ ರಸ್ತೆಗೆ ಇಳಿಯುತ್ತಾರೆ. ಹತ್ತು ಚಕ್ರದ ಲಾರಿಯ ಚಾಲಕನಿಗೆ ಬಂಪರಿನ ಕೆಳಗೆ ನಿಂತ ಏಳು ವರ್ಷದ ಮಗು ಕಾಣುವುದಿಲ್ಲ. ಅವನ ತಪ್ಪೂ ಅಲ್ಲ, ಕಾಣುವ ಹಾಗೆ ಇಲ್ಲ. ಮೀನಿನ ಲಾರಿ ನಿಂತ ರಾತ್ರಿ ಅದರಿಂದ ಸೋರಿದ ನೀರು ಕಾಂಕ್ರೀಟಿನ ಮೇಲೆ ಹರಿದು ಯಾರದ್ದಾದರೂ ಗೇಟಿನ ಮುಂದೆ ನಿಲ್ಲುತ್ತದೆ. ಆ ಮನೆಯ ಉಮ್ಮ ಬೆಳಗ್ಗೆ ಮೊದಲು ಮಾಡುವ ಕೆಲಸ ನಾಲ್ಕು ಬಕೆಟ್ ನೀರು ಹೊಯ್ಯುವುದು. ಫ್ರೀಝರ್ ಕಂಟೈನರ್ ಆದರೆ ಅದರ ಯಂತ್ರ ರಾತ್ರಿಯಿಡೀ ನಿಲ್ಲುವುದಿಲ್ಲ. ಚರಂಡಿಯ ಮೇಲಿನ ಚಪ್ಪಡಿಗಳು ಮನುಷ್ಯರು ನಡೆಯಲು ಹಾಕಿದ್ದು, ಅದರ ಮೇಲೆ ಚಕ್ರ ಹತ್ತಿಸಿ ಸಾಲಾಗಿ ಮುರಿದಿವೆ. ಮಳೆಗಾಲದಲ್ಲಿ ನೀರು ತುಂಬಿದರೆ ಎಲ್ಲಿ ಚಪ್ಪಡಿ ಉಂಟು, ಎಲ್ಲಿ ಗುಂಡಿ ಅಂತ ಗೊತ್ತಾಗುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಬರುವ ನರ್ಸ್ ಹುಡುಗಿಯರು ಬಸ್ಸಿಳಿದು ಮನೆಗೆ ಬರಬೇಕಾದರೆ ತಂದೆಯೋ ಅಣ್ಣನೋ ಹೆದ್ದಾರಿಗೆ ಹೋಗಿ ಕಾಯಬೇಕು. ಬೀದಿದೀಪದ ಬೆಳಕು ಲಾರಿಗಳ ಟಾರ್ಪಾಲಿನ ಮೇಲೆ ಬೀಳುತ್ತದೆ, ನಡೆಯುವವರ ಕಾಲಿಗೆ ಸಿಗುವುದಿಲ್ಲ.

ಇನ್ನು ಬುಲೆಟ್ ಟ್ಯಾಂಕರ್‌ಗಳು. ಅಡುಗೆ ಅನಿಲದ್ದು. ತುಂಬಿದ್ದೋ ಖಾಲಿಯೋ ನಮಗೆ ಹೇಗೆ ಗೊತ್ತಾಗಬೇಕು? ಅದರಿಂದ ಎರಡು ಲಾರಿ ಆಚೆಗೆ ಇನ್ನೊಬ್ಬ ಚಾಲಕ ಪಂಪ್ ಸ್ಟವ್ ಹಚ್ಚಿ ಅನ್ನಕ್ಕೆ ಇಟ್ಟಿರುತ್ತಾನೆ. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಅನಿಲ ಟ್ಯಾಂಕರ್ ಉರುಳಿ, ರಸ್ತೆಬದಿಯ ಮನೆಗಳಲ್ಲಿದ್ದವರು ಬೆಂಕಿಗೆ ಸಿಕ್ಕಿದ್ದನ್ನು ಈ ಜಿಲ್ಲೆಯಲ್ಲಿ ಮರೆತವರು ಯಾರೂ ಇಲ್ಲ. ನಗರಸಭೆಯವರೂ ಮರೆತಿರಲಿಕ್ಕಿಲ್ಲ ಎಂದುಕೊಳ್ಳುತ್ತೇವೆ.

ನಾವು ಸುಮ್ಮನೆ ಕೂತವರಲ್ಲ. ಜಮಾಅತಿನ ಲೆಟರ್‌ಹೆಡ್‌ನಲ್ಲಿ ಅರ್ಜಿ ಕೊಟ್ಟೆವು. ಪಕ್ಕದ ದೈವಸ್ಥಾನದ ಸಮಿತಿಯವರು, ಇಗರ್ಜಿಯ ವಾಳೆಯವರು ಕೂಡ ಸಹಿ ಹಾಕಿದರು. ಲಾರಿಯ ಹೊಗೆಗೆ ಜಾತಿ ಇಲ್ಲವಲ್ಲ. ನಗರಸಭೆಯವರು ಹೇಳಿದರು: ‘ಪಾರ್ಕಿಂಗ್ ನಮ್ಮದಲ್ಲ ಮಾರಾಯ್ರೆ, ಪೊಲೀಸ್‌ನವರಿಗೆ ಹೇಳಿ.’ ಪೊಲೀಸರು ಹೇಳಿದರು: ‘ಎಬ್ಬಿಸಿ ಕಳಿಸಿದರೆ ಎಲ್ಲಿಗೆ ಕಳಿಸುವುದು? ಜಾಗ ತೋರಿಸಬೇಕಾದದ್ದು ನಗರಸಭೆ.’ ಹೆದ್ದಾರಿಯವರು ತಮ್ಮ ಹದ್ದು ಆ ಕಲ್ಲಿನ ತನಕ ಮಾತ್ರ ಅಂತ ಕೈ ತೋರಿಸಿದರು. ಮೂರು ಬಾಗಿಲು ತಟ್ಟಿ ವಾಪಸು ಬಂದಾಗ ನಮಗೆ ಸಿಕ್ಕಿದ್ದು ‘ವಾಹನ ನಿಲುಗಡೆ ನಿಷೇಧಿಸಲಾಗಿದೆ’ ಎಂಬ ಒಂದು ಬೋರ್ಡು. ಹಾಕಿದ ವಾರದಲ್ಲೇ ಒಂದು ಲಾರಿ ರಿವರ್ಸ್ ತೆಗೆಯುವಾಗ ಅದನ್ನು ಬಗ್ಗಿಸಿತು. ಈಗ ಅದರ ಮೇಲೆ ಚಾಲಕರು ಲುಂಗಿ ಒಣಗಿಸುತ್ತಾರೆ.

ವಾರ್ಡ್ ಸಭೆಯಲ್ಲಿ ಕೇಳಿದರೆ ‘ಟ್ರಕ್ ಟರ್ಮಿನಲ್ ಪ್ರಸ್ತಾವದಲ್ಲಿದೆ’ ಎಂಬ ಉತ್ತರ. ಈ ಉತ್ತರ ಎಷ್ಟು ಹಳೆಯದು ಎಂದರೆ ಅದನ್ನು ಮೊದಲು ಕೇಳಿದವರ ಮಕ್ಕಳು ಈಗ ಗಲ್ಫಿನಿಂದ ರಜೆಯಲ್ಲಿ ಬಂದು ಅದನ್ನೇ ಕೇಳಿ ಹೋಗುತ್ತಾರೆ.

ಲಾರಿಗಳು ಯಾಕೆ ಬರುತ್ತವೆ ಎಂಬುದಕ್ಕೆ ದೊಡ್ಡ ಸಂಶೋಧನೆ ಬೇಡ. 1974ರಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಆಯಿತು. ಆಮೇಲೆ ಗೊಬ್ಬರದ ಕಾರ್ಖಾನೆ, ತೈಲ ಶುದ್ಧೀಕರಣ ಘಟಕ, ಅನಿಲ ತುಂಬಿಸುವ ಘಟಕಗಳು ಬಂದವು. ಬಂದರಿಗೆ ಹಡಗು ಬಂದರೆ ಲಂಗರು ಹಾಕಲು ಜಾಗ ಗುರುತು ಮಾಡಿಟ್ಟಿದ್ದಾರೆ. ಅದೇ ಸರಕು ಹೊರುವ ಲಾರಿ ಲೋಡಿನ ಸರದಿಗೆ ಕಾಯುವಾಗ ಎಲ್ಲಿ ನಿಲ್ಲಬೇಕು ಅಂತ ಯಾರೂ ಯೋಚಿಸಿದಂತೆ ಕಾಣುವುದಿಲ್ಲ. ಅದಿರಿನ ಕಾಲದಲ್ಲಿ ಬಳ್ಳಾರಿಯಿಂದ ಬಂದ ಲಾರಿಗಳ ಸಾಲನ್ನು ಕಂಡವರು ಇದ್ದಾರೆ, ಒಣ ಹಾಕಿದ ಬಿಳಿ ಬಟ್ಟೆಯೂ ಕೆಂಪಾಗುತ್ತಿತ್ತು. 2010ರಲ್ಲಿ ಸರಕಾರ ಅದಿರು ರಫ್ತು ನಿಷೇಧಿಸಿದ ಮೇಲೆ ಆ ಸಾಲು ಕರಗಿತು. ಆಗಲೇ ಒಂದು ಜಾಗ ಮಾಡಿಟ್ಟಿದ್ದರೆ ಇವತ್ತು ಉಪಯೋಗಕ್ಕೆ ಬರುತ್ತಿತ್ತು. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತರಂತೂ ಘಾಟಿ ಹತ್ತಬೇಕಾದ ಲಾರಿಗಳೆಲ್ಲ ಕೆಳಗೇ ಉಳಿಯುತ್ತವೆ. 2018ರ ಆಗಸ್ಟಿನಲ್ಲಿ ಹಾಗೆ ಆಯಿತು, 2024ರಲ್ಲೂ ಆಯಿತು. ಹೆದ್ದಾರಿಯ ನಂಬರು 17 ಹೋಗಿ 66 ಆಯಿತು, 48 ಹೋಗಿ 75 ಆಯಿತು, ಲಾರಿ ನಿಲ್ಲುವುದು ಮಾತ್ರ ಇವತ್ತಿಗೂ ನಮ್ಮ ಮನೆಯ ಮುಂದೆ.

ಇಷ್ಟು ಬರೆದ ಮೇಲೆ ನಮ್ಮ ವಿಷಯವನ್ನೂ ಹೇಳಬೇಕು, ಇಲ್ಲದಿದ್ದರೆ ಅದು ನ್ಯಾಯವಲ್ಲ. ಒಂದು ರಾತ್ರಿ ಇಶಾ ಕಳೆದು ನಾವು ನಾಲ್ಕು ಮಂದಿ ಟಾರ್ಚು ಹಿಡಿದು ಲಾರಿಗಳನ್ನು ಎಣಿಸಿದೆವು. 31 ಇದ್ದವು. ಅದರಲ್ಲಿ 9 ನಮ್ಮ ಜಮಾಅತಿನವರದ್ದೇ. ಒಂದರ ಮಾಲಕರು ಅರ್ಜಿಗೆ ಮೂರನೆಯ ಸಹಿ ಹಾಕಿದವರು! ಕೇಳಿದರೆ, ‘ನನ್ನದು ಮನೆಯ ಎದುರೇ ನಿಲ್ಲುವುದಲ್ವಾ, ಕಾಕ?’ ಅಂದರು. ಬ್ಯಾರ ಎಂದರೆ ವ್ಯಾಪಾರ, ಅದರಿಂದಲೇ ಬ್ಯಾರಿ ಎಂಬ ಹೆಸರು ಬಂತು ಎಂದು ತಿಳಿದವರು ಹೇಳುತ್ತಾರೆ. ಮೀನು, ಮರ, ಗುಜರಿ, ಅಡಿಕೆ, ತೆಂಗಿನಕಾಯಿ, ನಮ್ಮ ಯಾವ ವ್ಯಾಪಾರ ಲಾರಿ ಇಲ್ಲದೆ ನಡೆದೀತು? ಎಷ್ಟೋ ಮನೆಗಳಲ್ಲಿ ಮಗ ಗಲ್ಫಿಗೆ ಹೋಗುವ ಮೊದಲು ಕ್ಲೀನರ್ ಆಗಿದ್ದವನು, ತಂದೆ ಡ್ರೈವರ್ ಆಗಿದ್ದವರು. ಅವರೂ ಹುಬ್ಬಳ್ಳಿಯಲ್ಲೋ ಕೊಲ್ಲಾಪುರದಲ್ಲೋ ಯಾರದ್ದೋ ಮನೆಯ ಮುಂದೆ ಲಾರಿ ನಿಲ್ಲಿಸಿ, ಯಾರದ್ದೋ ನಳ್ಳಿಯಲ್ಲಿ ಮುಖ ತೊಳೆದವರೇ.

ಇನ್ನೊಂದು ವಿಷಯ ಬರೆಯಲು ನಾಚಿಕೆಯಾಗುತ್ತದೆ. ಎರಡು ವಾರದ ಹಿಂದೆ ನಮ್ಮ ಕೆಲವು ಹುಡುಗರು ತಾಳ್ಮೆ ಕಳಕೊಂಡು ರಾತ್ರಿ ಹನ್ನೊಂದಕ್ಕೆ ಲಾರಿಗಳ ಬಾಗಿಲು ಬಡಿದರು. ತಮಿಳುನಾಡಿನ ಒಬ್ಬ ಚಾಲಕನನ್ನು ಕೆಳಗಿಳಿಸಿ, ಎಲ್ಲಿಂದ ಬಂದೆ, ಒಳಗೆ ಎಂತ ಉಂಟು, ಟಾರ್ಪಾಲು ತೆಗೆ ಅಂತ ಶುರು ಮಾಡಿದರು. ಅವನಿಗೆ ಐವತ್ತರ ಮೇಲೆ ಪ್ರಾಯ. ಕೈಮುಗಿದು ನಿಂತಿದ್ದ. ಪಳ್ಳಿಯ ಉಸ್ತಾದರು ಓಡಿಬಂದು ಬಿಡಿಸಿದರು. ರಾತ್ರಿ ಹೊತ್ತು ದಾರಿಯಲ್ಲಿ ಲಾರಿ ತಡೆದು ಟಾರ್ಪಾಲು ಎತ್ತಿಸುವುದು ಎಂದರೆ ಏನು ಅಂತ ಈ ಜಿಲ್ಲೆಯಲ್ಲಿ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದನ್ನು ಅನುಭವಿಸಿದವರ ಮಕ್ಕಳೇ ಅದನ್ನು ಮಾಡಿದರು. ಹುಡುಗರ ಮೇಲೆ ಸಿಟ್ಟುಂಟು. ಅವರನ್ನು ಆ ಮಟ್ಟಕ್ಕೆ ತಂದು ನಿಲ್ಲಿಸಿದ ನಗರಸಭೆಯ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟುಂಟು. ಮಾಡಬೇಕಾದ ಕೆಲಸ ಮಾಡದೆ ಜನರನ್ನು ಜನರ ಮೇಲೆಯೇ ಬಿಡುವುದು ಒಂದು ಆಡಳಿತವೇ?

ಆ ಶುಕ್ರವಾರ ಉಸ್ತಾದರು ಎರಡು ಹದೀಸ್‌ಗಳನ್ನು ನೆನಪಿಸಿದರು. ದಾರಿಯಿಂದ ತೊಂದರೆ ಕೊಡುವ ವಸ್ತುವನ್ನು ತೆಗೆಯುವುದು ಈಮಾನಿನ ಒಂದು ಶಾಖೆ ಎಂಬುದು ಮದ್ರಸದ ಮಕ್ಕಳಿಗೂ ಗೊತ್ತಿರುವಂಥದ್ದು. ಇನ್ನೊಂದು, ದಾರಿಯಲ್ಲಿ ಕೂರಲೇಬೇಕಾದರೆ ದಾರಿಗೆ ಅದರ ಹಕ್ಕನ್ನು ಕೊಡಿ ಎಂದು ಪ್ರವಾದಿಯವರು (ಸ) ಹೇಳಿದ್ದು. ಅದರಲ್ಲಿ ಯಾರಿಗೂ ಕಿರುಕುಳ ಕೊಡದಿರುವುದೂ, ಸಲಾಂಗೆ ಉತ್ತರ ಕೊಡುವುದೂ ಸೇರಿದೆ. ಹಾಗಾದರೆ ಮುಸಾಫಿರನ ಹಕ್ಕು ಎಲ್ಲಿ ಹೋಯಿತು ಅಂತ ಅವರು ಕೇಳಿದಾಗ ಹಿಂದಿನ ಸಾಲಿನಲ್ಲಿ ಕೂತಿದ್ದ ಆ ಹುಡುಗರು ತಲೆ ಎತ್ತಲಿಲ್ಲ. ಲಾರಿಯವರು ಮುಂದೆ ಹೋಗಲಿ ಅಂದರೆ ಆಗುವುದಿಲ್ಲ. ಹದಿನಾಲ್ಕು ಗಂಟೆ ಓಡಿಸಿ ಬಂದವನನ್ನು ನಿದ್ದೆಗಣ್ಣಿನಲ್ಲಿ ಮುಂದಕ್ಕೆ ಓಡಿಸಿದರೆ ಅವನು ಇನ್ನೊಂದು ಊರಿನಲ್ಲಿ ಇನ್ನೊಬ್ಬರ ಮಗುವಿನ ಮೇಲೆ ಹೋಗುತ್ತಾನೆ. ಚಾಲಕನಿಗೆ ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆಗೊಮ್ಮೆ ಅರ್ಧ ಗಂಟೆ ವಿರಾಮ ಎಂದು 1961ರಲ್ಲೇ ಕಾಯ್ದೆ ಮಾಡಿದರು. ವಿರಾಮಕ್ಕೆ ಲಾರಿ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ನಮ್ಮ ಊರಿನಲ್ಲಿ ಇನ್ನೂ ಯಾರೂ ತೀರ್ಮಾನಿಸಿಲ್ಲ.

‘ನಮ್ಮದಲ್ಲ’ ಎಂಬ ಉತ್ತರಕ್ಕೂ ಕಾನೂನಿನಲ್ಲಿ ಆಧಾರವಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 117ನೇ ಸೆಕ್ಷನ್ ಓದಿದರೆ ಸಾಕು. ವಾಹನ ನಿಲುಗಡೆಯ ಜಾಗವನ್ನು ಸರಕಾರವೋ ಅದು ಅಧಿಕಾರ ಕೊಟ್ಟವರೋ ಗೊತ್ತು ಮಾಡಬಹುದು, ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ. ಅಂದರೆ ಇಬ್ಬರೂ ಒಂದೇ ಮೇಜಿನ ಮುಂದೆ ಕೂರಬೇಕು ಅಂತ. ನಮ್ಮ ಅರ್ಜಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಯುವ ಬದಲು ಇಬ್ಬರನ್ನೂ ಒಂದು ದಿನ ಕೂರಿಸಿದ್ದರೆ ಮುಗಿಯುತ್ತಿತ್ತು. ಅಪಾಯವೋ ಅಡ್ಡಿಯೋ ಆಗುವ ಹಾಗೆ ವಾಹನ ನಿಲ್ಲಿಸಬಾರದು ಎನ್ನುವ 122ನೇ ಸೆಕ್ಷನ್ ಕೂಡ ಉಂಟು. ಅದನ್ನು ತೋರಿಸಿ ದಂಡ ಹಾಕಿ ಅಂತ ಕೆಲವರು ನಮಗೆ ಸಲಹೆ ಕೊಟ್ಟರು. ಜಾಗವನ್ನೇ ತೋರಿಸದೆ ದಂಡ ಹಾಕಿದರೆ ಅದು ದಿನಗೂಲಿಯವನ ಜೇಬಿನಿಂದ ಹೋಗುತ್ತದೆ, ಲಾರಿ ಮರುದಿನ ಪಕ್ಕದ ಮೊಹಲ್ಲಾದಲ್ಲಿ ನಿಲ್ಲುತ್ತದೆ.

ನಾವು ಕೇಳುವುದು ದೊಡ್ಡ ಟರ್ಮಿನಲ್ ಅಲ್ಲ. ಟರ್ಮಿನಲ್ ಆಗುವಾಗ ಆಗಲಿ. ಹೆದ್ದಾರಿ ಬದಿಯಲ್ಲಿ ನಗರಸಭೆಯದ್ದೇ ಒಂದು ಖಾಲಿ ಜಾಗ ಉಂಟು, ವರ್ಷಕ್ಕೊಮ್ಮೆ ಸರ್ಕಸ್ಸಿಗೋ ವಸ್ತುಪ್ರದರ್ಶನಕ್ಕೋ ಕೊಡುತ್ತಾರೆ. ಅದಕ್ಕೆ ಜಲ್ಲಿ ಹಾಸಿ, ನಾಲ್ಕು ದೀಪ, ಎಂಟು ಶೌಚಾಲಯ, ನೀರಿನ ನಳ್ಳಿ, ಒಬ್ಬ ವಾಚ್‌ಮನ್. ಟ್ಯಾಂಕರ್‌ಗಳಿಗೆ ಮನೆಗಳಿಂದ ದೂರ ಬೇರೆಯೇ ಜಾಗ ಬೇಕು, ಅದನ್ನು ಆ ಕಂಪೆನಿಗಳ ಹತ್ತಿರ ಕೇಳುವ ಧೈರ್ಯ ನಗರಸಭೆಗೆ ಇರಬೇಕು. ರಾತ್ರಿಗೆ ಇಂತಿಷ್ಟು ಅಂತ ಶುಲ್ಕ ತೆಗೆದುಕೊಳ್ಳಲಿ. ಲಾರಿ ಮಾಲಕರು ಕೊಡುತ್ತೇವೆ ಅಂದಿದ್ದಾರೆ. ಡೀಸೆಲ್ ಕಳ್ಳತನ, ಬ್ಯಾಟರಿ ಕಳ್ಳತನದಿಂದ ಅವರಿಗೂ ಸಾಕಾಗಿದೆ. ನಮ್ಮ ಜಮಾಅತಿನ 9 ಲಾರಿಗಳು ಮೊದಲ ದಿನವೇ ಅಲ್ಲಿಗೆ ಹೋಗುತ್ತವೆ ಎಂದು ಮಾಲಕರಿಂದ ಬರೆಸಿಕೊಂಡಿದ್ದೇವೆ. ಮೂರನೆಯ ಸಹಿಯವರು ಸ್ವಲ್ಪ ಗೊಣಗಿದರು, ಆದರೂ ಸಹಿ ಹಾಕಿದರು.

ಮುಂದಿನ ಸಾಮಾನ್ಯ ಸಭೆಯ ದಿನ ನಾವು ಹೋಗುತ್ತಿದ್ದೇವೆ. ಈ ಸಲ ನಿವಾಸಿಗಳು ಮಾತ್ರ ಅಲ್ಲ, ಲಾರಿ ಮಾಲಕರೂ ಚಾಲಕರೂ ಒಟ್ಟಿಗೆ. ನಮ್ಮ ಹೆಂಗಸರೂ ಬರುತ್ತಾರೆ. ಗೇಟಿನ ಮುಂದೆ ದಿನಾ ನೀರು ಹೊಯ್ಯುವ ಆ ಉಮ್ಮ ತಾನೇ ಮಾತಾಡುತ್ತೇನೆ ಅಂದಿದ್ದಾರೆ. ಅವರ ಮಾತಿಗೆ ‘ಪ್ರಸ್ತಾವದಲ್ಲಿದೆ’ ಅಂತ ಉತ್ತರ ಕೊಡುವವರನ್ನು ನಮಗೂ ನೋಡಬೇಕು.

ಅಲ್ಲಿಯ ತನಕ ಒಂದು ಏರ್ಪಾಡು ಮಾಡಿದ್ದೇವೆ. ಪಳ್ಳಿಯ ಹಿಂದಿನ ಗೇಟನ್ನು ಇಶಾ ಆದ ಮೇಲೂ ಹಾಕುವುದಿಲ್ಲ. ಚಾಲಕರು ಯಾರೇ ಆಗಲಿ ಅಲ್ಲಿಯ ಶೌಚಾಲಯ, ನೀರು ಬಳಸಬಹುದು. ಮದ್ರಸದ ಗೇಟಿನಿಂದ ತಿರುವಿನ ತನಕ ಎಡಬದಿಯನ್ನು ಖಾಲಿ ಬಿಡಬೇಕು ಅಂತ ಅವರ ಹತ್ತಿರ ಕೇಳಿಕೊಂಡೆವು, ಹೆಚ್ಚಿನವರು ಬಿಡುತ್ತಿದ್ದಾರೆ. ಬಾಗಿಲು ಬಡಿದ ಹುಡುಗರಿಗೇ ರಾತ್ರಿ ಅದನ್ನು ನೋಡಿಕೊಳ್ಳುವ ಕೆಲಸ. ಆ ತಮಿಳುನಾಡಿನ ಚಾಲಕ ಮೊನ್ನೆ ಪುನಃ ಬಂದಿದ್ದ, ಅವರೇ ಚಾ ತಂದು ಕೊಟ್ಟರಂತೆ. ಪಳ್ಳಿಯ ನೀರಿನ ಬಿಲ್ಲು ಮಾತ್ರ ಈ ತಿಂಗಳು ಎರಡು ಪಟ್ಟು ಬಂದಿದೆ. ಅದರ ಝೆರಾಕ್ಸ್ ಪ್ರತಿಯನ್ನು ಅರ್ಜಿಗೆ ಲಗತ್ತಿಸಿದ್ದೇವೆ.