ದೇವಾಲಯ ದರ್ಶನವೋ, ದಾರಿಯ ಲೆಕ್ಕವೋ?

ಶ್ರಾವಣಮಾಸದ ಒಂದು ಭಾನುವಾರ, ಇನ್ನೂ ಬೆಳಕು ಹರಿಯದಿರುವಾಗಲೇ, ದಾವಣಗೆರೆಯಿಂದ ಐವರು ಮಿತ್ರರು ಕಾರಿನಲ್ಲಿ ಹೊರಡುತ್ತಾರೆ. ಐವರೂ ವಿದ್ಯಾವಂತರು, ಇಬ್ಬರು ಉಪಾಧ್ಯಾಯರು, ಒಬ್ಬರು ವಕೀಲರು, ಒಬ್ಬರು ಬ್ಯಾಂಕಿನವರು, ಒಬ್ಬರು ವರ್ತಕರು. ಬಳ್ಳಿಗಾವೆ, ಕೆಳದಿ, ಇಕ್ಕೇರಿ, ಜೋಗ, ಇಷ್ಟನ್ನೂ ಮುಗಿಸಿ ರಾತ್ರಿ ಹನ್ನೊಂದರೊಳಗೆ ಮನೆ ಸೇರತಕ್ಕದ್ದೆಂಬುದು ಅವರ ಸಂಕಲ್ಪ. ಇವರಿಗೆ ಹೆಸರಿಡುವ ಅಗತ್ಯವಿಲ್ಲ. ಮಳೆಗಾಲದ ಭಾನುವಾರಗಳಲ್ಲಿ ಇಂತಹ ತಂಡಗಳು ಹೊರಡುತ್ತಿರುವುದು ಸರ್ವವಿದಿತವಾದ ಸಂಗತಿ. ವಾಚಕಮಹಾಶಯರಲ್ಲಿ ಕೆಲವರು ತಮ್ಮನ್ನೇ ಇಲ್ಲಿ ಗುರುತಿಸಿಕೊಂಡರೂ ಆಶ್ಚರ್ಯವಿಲ್ಲ.

ಹದಿನಾಲ್ಕು ಕಿಲೋಮೀಟರು ಕಳೆಯುವಷ್ಟರಲ್ಲಿ ಹರಿಹರ ಬರುತ್ತದೆ. ಕಾರು ನಿಲ್ಲುವುದಿಲ್ಲ. "ಹರಿಹರ ಎಲ್ಲಿಗೆ ಓಡಿಹೋಗುತ್ತದೆ? ಯಾವಾಗಲಾದರೂ ನೋಡಬಹುದು" ಎಂದು ಒಬ್ಬರು ಆಕಳಿಸುತ್ತ ಹೇಳುತ್ತಾರೆ. ಉಳಿದವರು ಹೂಂಗುಟ್ಟುತ್ತಾರೆ. ಈ "ಯಾವಾಗಲಾದರೂ" ಎಂಬ ಮಾತಿನಲ್ಲಿಯೇ ದೋಷವೆಲ್ಲವೂ ಅಡಗಿದೆ. ಐವರಲ್ಲಿ ಮೂವರು ಹರಿಹರೇಶ್ವರನ ಗುಡಿಯನ್ನು ಕಂಡದ್ದು ಯಾರದೋ ಮದುವೆಯ ನೆವದಿಂದ, ನಾಲ್ಕನೆಯವರು ಬಾಲ್ಯದಲ್ಲಿ, ಐದನೆಯವರು ಕಂಡೇ ಇಲ್ಲ.

ಕಾರು ನಿಂತಿದ್ದರೆ ಕಾಣಬಹುದಾಗಿದ್ದುದು ಏನು? ಹರಿಯಿಂದಾಗಲಿ ಹರನಿಂದಾಗಲಿ ಮರಣವಿಲ್ಲವೆಂಬ ವರವನ್ನು ಬ್ರಹ್ಮನಿಂದ ಪಡೆದ ಗುಹಾಸುರನನ್ನು ಕೊಲ್ಲುವುದಕ್ಕಾಗಿ ಇಬ್ಬರೂ ಒಂದೇ ದೇಹವನ್ನು ತಾಳಿದ ಸ್ಥಳವಿದು ಎಂದು ಸ್ಥಳಪುರಾಣ ಹೇಳುತ್ತದೆ. ವಿಗ್ರಹದ ಬಲಭಾಗ ಹರನದು, ಎಡಭಾಗ ಹರಿಯದು. ಹೆಸರಿನಲ್ಲಿಯಾದರೋ ಹರಿಯೇ ಮೊದಲು. ಅದು ಅವನ ಹೆಚ್ಚುಗಾರಿಕೆಯಿಂದಲ್ಲ, ದ್ವಂದ್ವಸಮಾಸದಲ್ಲಿ ಇಕಾರಾಂತವಾದ ಶಬ್ದವು ಮುಂದೆ ನಿಲ್ಲಬೇಕೆಂಬ ಪಾಣಿನಿಯ ವಿಧಿಯಿಂದ. ಹೆಸರಿನಲ್ಲಿ ಒಬ್ಬನಿಗೆ ಪೂರ್ವಸ್ಥಾನ, ಮೂರ್ತಿಯಲ್ಲಿ ಮತ್ತೊಬ್ಬನಿಗೆ ದಕ್ಷಿಣಸ್ಥಾನ. ವ್ಯಾಜ್ಯಕ್ಕೆ ಎಡೆಯೇ ಇಲ್ಲ. (ಶೈವ-ವೈಷ್ಣವರ ಜಗಳವನ್ನು ವೈಯಾಕರಣನೂ ಶಿಲ್ಪಿಯೂ ಸೇರಿ ಇಷ್ಟು ಅಗ್ಗವಾಗಿ ತೀರಿಸಿದ್ದು ಬೇರೆಲ್ಲಿ?) ಈಗಿರುವ ಗುಡಿಯನ್ನು 1224ರಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಥನಾದ ಪೋಲಾಳ್ವನು ಕಟ್ಟಿಸಿದನು. 1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮನು ಇದನ್ನು ಬೆಳೆಸಿದನು. ಸೋಮನಾಥಪುರವನ್ನು ಕಟ್ಟಿಸಿದವನೂ ಈ ಸೋಮನೇ. ಸೋಮನಾಥಪುರವನ್ನು ಕಾಣಲು ಮೈಸೂರು ಸೀಮೆಯವರೆಗೂ ಹೋಗಿಬಂದ ದಾವಣಗೆರೆಯವರೆಷ್ಟೋ ಮಂದಿಗೆ ಅವನ ಕೈಕೆಲಸ ತಮ್ಮ ಮಗ್ಗುಲಲ್ಲಿಯೇ ಇದೆಯೆಂಬುದು ತಿಳಿಯದು.

ಪೋಲಾಳ್ವನು ಗುಡಿಗೆ 115 ಚಿನ್ನದ ಕಲಶಗಳನ್ನು ಇಡಿಸಿದನೆಂದು ಶಾಸನದಲ್ಲಿದೆ. ಇಂದು ಅವುಗಳಲ್ಲಿ ಒಂದೂ ಇಲ್ಲ. ಗರ್ಭಗೃಹದ ಮೇಲಿದ್ದ ಕಲ್ಲಿನ ಶಿಖರವೂ ಹೋಗಿ, ಆ ಸ್ಥಾನದಲ್ಲಿ ಇಟ್ಟಿಗೆ ಗಾರೆಯ ಕಟ್ಟಡ ನಿಂತಿದೆ. ಚಿನ್ನ ಹೋಯಿತು, ಶಿಖರ ಹೋಯಿತು, ಅಕ್ಷರ ಉಳಿಯಿತು. ಆ ಅಕ್ಷರವನ್ನು ಓದುವವರಾರು? ಆವರಣದ ಕಲ್ಲುಗಳ ಮೇಲಿರುವುದು ಹಳಗನ್ನಡ ಶಾಸನಗಳು. ಹದಿಮೂರನೆಯ ಶತಮಾನದ ಲಿಪಿ ಸ್ವಲ್ಪ ಅಭ್ಯಾಸವುಳ್ಳವರಿಗೆ ದುಸ್ಸಾಧ್ಯವೇನೂ ಅಲ್ಲ. ಅದೂ ಆಗದವರಿಗೆ ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ 11ನೆಯ ಸಂಪುಟದಲ್ಲಿ, ದಾವಣಗೆರೆ ತಾಲ್ಲೂಕಿನ ಭಾಗದಲ್ಲಿ, ಇವುಗಳ ಪಾಠವೂ ಭಾಷಾಂತರವೂ ಅಚ್ಚಾಗಿ ನೂರು ವರ್ಷ ಮೀರಿತು. ಆ ಸಂಪುಟವನ್ನು ಕಂಕುಳಲ್ಲಿಟ್ಟುಕೊಂಡು ಮುಖಮಂಟಪದಲ್ಲಿ ಕುಳಿತಿರುವವರನ್ನು ಕಾಣುವುದು ಅಪೂರ್ವ. ಸಾಹಿತ್ಯ ಸಂಘಗಳ ಸದಸ್ಯರೂ ಈ ವಿಷಯದಲ್ಲಿ ಉಳಿದವರಿಗಿಂತ ಮೇಲೆಂದು ಹೇಳಲಾಗದು.

ಕಾರು ಮುಂದೆ ಹೋಯಿತು. ಹೊನ್ನಾಳಿ, ಶಿಕಾರಿಪುರ, ದಾರಿಯಲ್ಲಿ ದೋಸೆ, ಎರಡು ಸಲ ಕಾಫಿ. ಬಳ್ಳಿಗಾವೆಯ ಕೇದಾರೇಶ್ವರನಿಗೆ ದೊರೆತದ್ದು ಇಪ್ಪತ್ತು ನಿಮಿಷ. ಅದರಲ್ಲಿ ಹದಿನೈದು, ಐವರೂ ದೇವರಿಗೆ ಬೆನ್ನುಮಾಡಿ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಸಿಕೊಳ್ಳುವುದಕ್ಕೆ ಹೋಯಿತು. ಇಲ್ಲಿಯ ಕೋಡಿಮಠದಲ್ಲಿ ನಾಲ್ಕು ವೇದ, ವ್ಯಾಕರಣ, ಷಡ್ದರ್ಶನಗಳ ಪಾಠ ನಡೆಯುತ್ತಿತ್ತೆಂದೂ, ದೀನರಿಗೆ ಅನ್ನ, ರೋಗಿಗಳಿಗೆ ಔಷಧ ದೊರೆಯುತ್ತಿತ್ತೆಂದೂ 1162ರ ಶಾಸನವು ವಿವರವಾಗಿ ಹೇಳುತ್ತದೆ. ಅಂದರೆ ಐವರೂ ನಿಂತಿದ್ದುದು ಒಂದು ವಿದ್ಯಾಶಾಲೆಯ, ಒಂದು ಆಸ್ಪತ್ರೆಯ ನೆಲದಲ್ಲಿ. ಇಬ್ಬರು ಉಪಾಧ್ಯಾಯರಿಗಾದರೂ ಮೈ ನವಿರೇಳಬೇಕಾಗಿತ್ತು. ಅವರು ಗಡಿಯಾರ ನೋಡಿಕೊಂಡರು. ಕದಂಬರ ಮಯೂರಶರ್ಮನು ವಿದ್ಯಾರ್ಥಿಯಾಗಿ ಕಂಚಿಗೆ ಹೋದ ಕಥೆಯನ್ನು ಸಂಸ್ಕೃತ ಕಾವ್ಯವಾಗಿ ಹೊತ್ತು ನಿಂತಿರುವ ತಾಳಗುಂದದ ಸ್ತಂಭವು ಅಲ್ಲಿಗೆ ಹತ್ತಿರವೇ. ಅದು ಪಟ್ಟಿಯಲ್ಲಿ ಇರಲಿಲ್ಲ.

ಕೆಳದಿಯ ಮಾತು ಬೇಡ. ಅಲ್ಲಿ ಮಳೆ ಬಂದುದರಿಂದ ಇಬ್ಬರು ಕಾರಿನಿಂದ ಇಳಿಯಲೇ ಇಲ್ಲ.

ಇಕ್ಕೇರಿಯ ಅಘೋರೇಶ್ವರನ ಗುಡಿಯಲ್ಲಿ ಗರ್ಭಗೃಹದ ಎದುರಿಗೆ, ನೆಲದ ಕಲ್ಲಿನಲ್ಲಿಯೇ, ಅಡ್ಡಬಿದ್ದಿರುವ ಮೂವರು ಕೆಳದಿಯ ಅರಸರ ಆಕೃತಿಗಳಿವೆ, ಹೆಸರುಗಳೂ ಕೆತ್ತಿವೆ. ಒಬ್ಬನ ಕೈಕಾಲುಗಳಿಗೆ ಬೇಡಿ. ಅವನು ಹುಚ್ಚ ಸೋಮಶೇಖರ. ಬುದ್ಧಿಭ್ರಮಣೆಯಾದ ದೊರೆಯನ್ನು ಆ ಅವಸ್ಥೆಯಲ್ಲಿಯೇ ದೇವರ ಮುಂದೆ ಮಲಗಿಸಿ, ಬರುವವರೆಲ್ಲರ ಪಾದಧೂಳಿಗೆ ಒಡ್ಡಿದ ಈ ಕಲ್ಲಿನ ಮುಂದೆ ಯಾವ ನಾಟಕವೂ ಸಪ್ಪೆ. ಐವರೂ ಅವನನ್ನು ತುಳಿದುಕೊಂಡೇ ಒಳಗೆ ಹೋದರು, ತುಳಿದುಕೊಂಡೇ ಹೊರಗೆ ಬಂದರು. ತುಳಿಯುವುದು ಅಪಚಾರವಲ್ಲ, ಆ ಆಕೃತಿಗಳಿರುವುದೇ ಅದಕ್ಕಾಗಿ. ತುಳಿದುದು ಯಾರನ್ನೆಂದು ತಿಳಿಯದಿದ್ದುದು ಅಪಚಾರ. ಅದೇ ಗುಡಿಯ ನಡುವಣ ಕಂಬಗಳ ಅಂತರ, 18 ಅಡಿ 6 ಅಂಗುಲ, ಆ ಸೀಮೆಯ ತೋಟದ ಭೂಮಿಯನ್ನು ಅಳೆಯುವ ಮಾನವಾಗಿತ್ತು. ಭೂಮಿಯ ವ್ಯಾಜ್ಯಗಳಲ್ಲಿಯೇ ಕೂದಲು ನರೆಸಿಕೊಂಡ ವಕೀಲರು ಆ ಕಂಬಗಳಲ್ಲೊಂದಕ್ಕೆ ಒರಗಿ ಕಿತ್ತಳೆ ಸುಲಿಯುತ್ತಿದ್ದರು.

ಜೋಗದಲ್ಲಿ ಐವರಿಗೂ ಅಸಮಾಧಾನ. "ನೀರೇ ಇಲ್ಲವಲ್ಲ! ಹಳೆಯ ಚಿತ್ರಗಳಲ್ಲಿ ಎಷ್ಟಿತ್ತು!" ನೀರಿಲ್ಲವೆನ್ನುವುದು ಸರಿಯಲ್ಲ, ನೀರು ಮೇಲೆ ಕಟ್ಟಿನಿಂತಿದೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಂದಿನಿಂದ ಶರಾವತಿ ಮೊದಲು ಯಂತ್ರಕ್ಕೆ ಹರಿಯುತ್ತಾಳೆ. ಅಣೆ ತುಂಬಿ ಬಾಗಿಲು ತೆರೆದ ವರ್ಷ ಮಾತ್ರ 830 ಅಡಿಯ ಬಂಡೆಯ ಮೇಲಿಂದ ಮೈತುಂಬಿ ಬೀಳುತ್ತಾಳೆ. ಅವರು ಕಾಣದ ನೀರಿನ ಒಂದು ಪಾಲು, ಅವರ ಕೈಯ ಮೊಬೈಲಿನೊಳಗೆ ವಿದ್ಯುತ್ತಾಗಿ ಇದ್ದೀತು. ಆ ಹಿನ್ನೀರಿನಲ್ಲಿ ಗದ್ದೆ, ತೋಟ, ಮನೆ ಕಳೆದುಕೊಂಡು ಶಿವಮೊಗ್ಗ ಸೀಮೆಯ ಕಾಡಂಚಿಗೆ ಹೋಗಿ ನೆಲಸಿದ ಸಂಸಾರಗಳ ಭೂಮಿಯ ಹಕ್ಕಿನ ತಕರಾರು ದಶಕಗಟ್ಟಲೆ ಎಳೆಯಿತು. ಇದೊಂದನ್ನೂ ನೆನೆಯದೆ, ಕೊಟ್ಟ ಕಾಸಿಗೆ ಆಟ ಸಾಲದೆಂದು ಗೊಣಗುವ ಪ್ರೇಕ್ಷಕರಂತೆ ಅವರು ಹಿಂದಿರುಗಿದರು.

ಇದಕ್ಕೆ ಅವರ ಕಡೆಯ ಉತ್ತರವೂ ಉಂಟು. ಆರು ದಿನ ದುಡಿದವನಿಗೆ ಏಳನೆಯ ದಿನ ಗೆಳೆಯರೊಡನೆ ನಗುವುದಕ್ಕೂ ಪಂಡಿತರ ಅಪ್ಪಣೆ ಬೇಕೆ? ಎಲ್ಲರೂ ಶಾಸನ ಓದಬೇಕೆಂದರೆ ಲೋಕ ನಡೆದೀತೆ? ಈ ಮಾತಿನಲ್ಲಿ ಹುರುಳಿದೆ. ನಗಲಿ, ದೋಸೆಯೂ ಆಗಲಿ, ಕಾರಿನಲ್ಲಿ ಹಳೆಯ ಹಾಡೂ ಆಗಲಿ. ಸ್ನೇಹಕ್ಕೆ ಕಾಲ ಕೊಡುವುದು ಯಾವ ಶಾಸ್ತ್ರಕ್ಕೂ ವಿರುದ್ಧವಲ್ಲ. ಆದರೆ ಅದನ್ನು ದೇವಾಲಯ ದರ್ಶನವೆಂದು ಕರೆಯುವುದೇಕೆ? ದರ್ಶನ ಶಬ್ದವು ಕಣ್ಣಿಗೆ ಸೇರಿದ ಧಾತುವಿನಿಂದ ಹುಟ್ಟಿತು, ಚಕ್ರಕ್ಕೆ ಸೇರಿದುದರಿಂದಲ್ಲ. ಇನ್ನೊಂದು ಮಾತು: ಆ ಇಬ್ಬರು ಉಪಾಧ್ಯಾಯರೇ ಚಳಿಗಾಲದಲ್ಲಿ ಅರುವತ್ತು ಮಕ್ಕಳನ್ನು ಬಸ್ಸಿಗೆ ತುಂಬಿಕೊಂಡು ಇದೇ ದಾರಿಯಲ್ಲಿ, ಇದೇ ವೇಗದಲ್ಲಿ ಹೋಗುತ್ತಾರೆ. ತಮ್ಮ ಭಾನುವಾರವನ್ನು ಅವರು ಹೇಗೆ ಕಳೆದರೂ ಕೇಳುವವರಿಲ್ಲ. ಮಕ್ಕಳ ಕಣ್ಣನ್ನು ಹೀಗೆ ಕೆಡಿಸಿದರೆ ಕೇಳಲೇಬೇಕು. ಆ ಅರುವತ್ತು ಮಕ್ಕಳಿಗೆ ಹರಿಹರಕ್ಕೆ ಬಸ್ಸಿನ ಅರ್ಧ ಘಂಟೆಯ ಹಾದಿ ಸಾಕು. ಬೆಳಗ್ಗೆ ಕಂಬಗಳನ್ನು ಎಣಿಸಲಿ, ಮಧ್ಯಾಹ್ನ ತುಂಗಭದ್ರೆಯ ದಡದಲ್ಲಿ ಬುತ್ತಿ ಬಿಚ್ಚಲಿ, ಸಂಜೆಯೊಳಗೆ ಒಂದು ಕಲ್ಲಿನ ಒಂದು ಸಾಲನ್ನು ಕೂಡಿಸಿ ಓದಲಿ. ಜೋಗಕ್ಕೆ ಇನ್ನೊಂದು ವರ್ಷ ಹೋದರಾಯಿತು.

ಐವರ ಕಾರು ಹರಿಹರವನ್ನು ಮತ್ತೆ ಹಾದುಬಂದಾಗ ರಾತ್ರಿ ಹತ್ತೂವರೆ. ಗುಡಿಯ ಬಾಗಿಲು ಹಾಕಿತ್ತು. ಹಿಂದೆ ಕುಳಿತ ಮೂವರಿಗೆ ನಿದ್ರೆ. ಮುಂದಿನ ಇಬ್ಬರು ಬರುವ ತಿಂಗಳ ಏರ್ಪಾಡಿನ ಮಾತಿನಲ್ಲಿದ್ದರು: ಹಂಪೆ, ಒಂದೇ ದಿನದಲ್ಲಿ, ಅಣೆಕಟ್ಟೂ ಸೇರಿ.