ಬೀಗವೂ ಅಗುಳಿಯೂ

ನಮ್ಮ ಹಳೆಯ ಮನೆಗಳಲ್ಲಿ ಬಾಗಿಲನ್ನು ಭದ್ರಪಡಿಸುವುದಕ್ಕೆ ಎರಡು ಸಾಧನಗಳಿದ್ದುವು. ಮನೆಮಂದಿಯೆಲ್ಲ ಊರಿಗೆ ಹೊರಟಾಗ ಹೊರಗಿನ ಚಿಲಕಕ್ಕೆ ಬೀಗ. ರಾತ್ರಿ ಮಲಗುವಾಗ ಒಳಗಿನಿಂದ ಅಗುಳಿ. ಬೀಗದ ಕೈ ಹೊರಗೆ ಹೋದವನ ಸೊಂಟದಲ್ಲಿರುತ್ತಿತ್ತು. ಅಗುಳಿಯಾದರೋ ಒಳಗೆ ಮಲಗಿದವರ ಕೈಗೆ ಎಟುಕುವಂತಿರುತ್ತಿತ್ತು. ಎರಡೂ ಕಳ್ಳನನ್ನು ತಡೆಯುವುವೇ. ಆದರೂ ಒಳಗೆ ಜನರಿರುವಾಗ ಹೊರಗಿನಿಂದ ಬೀಗ ಜಡಿದರೆ ಅದನ್ನು ನಾವು ಕಾವಲೆನ್ನುವುದಿಲ್ಲ, ಸೆರೆಯೆನ್ನುತ್ತೇವೆ. ಈ ಭೇದವನ್ನು ನಮಗೆ ಯಾರೂ ಪಾಠ ಹೇಳಿ ಕಲಿಸಬೇಕಾಗಲಿಲ್ಲ.

ಮನೆಗೆ ಚಕ್ರಗಳು ಬಂದಾಗ ಮಾತ್ರ ಈ ಸಹಜಜ್ಞಾನವು ಮರೆಯಾಗಿಬಿಡುತ್ತದೆ. ಜರ್ಮನಿಯಲ್ಲಿ ಫೋಕ್ಸ್‌ವ್ಯಾಗನ್ ಸಂಸ್ಥೆಯು 1950ರಲ್ಲಿ ತನ್ನ ಸಾಗಣೆಯ ವ್ಯಾನನ್ನು ತಯಾರಿಸತೊಡಗಿತು. ಮರುವರ್ಷವೇ ವೆಸ್ಟ್‌ಫಾಲಿಯಾ ಎಂಬ ಮತ್ತೊಂದು ಸಂಸ್ಥೆಯು ಆ ವ್ಯಾನಿನೊಳಗೆ ಕೂಡಿಸಿಕೊಳ್ಳಬಹುದಾದ ಮಲಗುವ, ಕುಳಿತುಕೊಳ್ಳುವ ಸಲಕರಣೆಯೊಂದನ್ನು ಸಿದ್ಧಪಡಿಸಿತು. 1988ರಲ್ಲಿ 'ಕ್ಯಾಲಿಫೋರ್ನಿಯಾ' ಎಂಬ ಹೆಸರಿನ ಕ್ಯಾಂಪರ್‌ವ್ಯಾನು ಬಂದಿತು. ಹಾಸಿಗೆ, ಒಲೆ, ನೀರಿನ ತೊಟ್ಟಿ, ಮೇಲಕ್ಕೆತ್ತಬಹುದಾದ ಮಾಡು, ಎಲ್ಲವನ್ನೂ ಅಡಕವಾಗಿಸಿಕೊಂಡ ಇಂತಹ ಗಾಡಿಗಳು ಇಂದು ಯೂರೋಪಿನ ರಜಾದಿನಗಳ ಸಾಮಾನ್ಯ ನೋಟ. ಇಂಗ್ಲೆಂಡಿನಲ್ಲೋ ಜರ್ಮನಿಯಲ್ಲೋ ನೆಲೆಸಿದ ಮಕ್ಕಳನ್ನು ನೋಡಲು ಹೋದ ನಮ್ಮ ಕಡೆಯ ಹಿರಿಯರೂ ಬಾಡಿಗೆಯ ವ್ಯಾನಿನಲ್ಲಿ ನಾಲ್ಕು ದಿನ ಸುತ್ತಿ ಬರುವುದುಂಟು.

ಈ ಗಾಡಿಯಲ್ಲಿ ಬೀಗಕ್ಕೂ ಅಗುಳಿಗೂ ಇರುವುದು ಒಂದೇ ಗುಂಡಿ. ಬೀಗದ ಕೈಯ ಮೇಲಿನ ಗುಂಡಿಯನ್ನೊತ್ತಿದರೆ ಬಾಗಿಲುಗಳೆಲ್ಲ ಭದ್ರವಾಗುತ್ತವೆ. ಆದರೆ ಒಡೆಯನು ಹೊರಗೆ ಹೊರಟನೋ ಒಳಗೆ ಮಲಗಿದನೋ ಎಂಬುದು ಗಾಡಿಗೆ ತಿಳಿಯದು. ಬೇರೆಯಾಗಿ ಹೇಳದ ಹೊರತು ಅದು ಎಲ್ಲರೂ ಹೊರಗೆ ಹೋದರೆಂದೇ ಭಾವಿಸಿ ತನ್ನ ಕಾವಲುಗಾರರನ್ನೆಲ್ಲ ಎಬ್ಬಿಸಿ ನಿಲ್ಲಿಸುತ್ತದೆ.

ಆ ಕಾವಲುಗಾರರು ಯಾರು? ಮೊದಲನೆಯವನು ಬಾಗಿಲು ಕಾಯುವವನು. ಯಾವ ಬಾಗಿಲು ತೆರೆದರೂ ಕೂಗುತ್ತಾನೆ. ಎರಡನೆಯವನು ಒಳಗನ್ನು ಕಾಯುವವನು. ನಮ್ಮ ಕಿವಿಗೆ ನಿಲುಕದಷ್ಟು ಉಚ್ಚಸ್ವರದ ಧ್ವನಿಯನ್ನು ಗಾಡಿಯೊಳಗೆ ಹರಡಿ, ಅದರ ಮರುದನಿಯನ್ನು ಎಡೆಬಿಡದೆ ಆಲಿಸುತ್ತಾನೆ. ಏನಾದರೂ ಚಲಿಸಿತೋ, ಮರುದನಿಯು ಬದಲಾಗುತ್ತದೆ, ಅಲಾರಂ ಮೊಳಗುತ್ತದೆ. ಮೂರನೆಯವನು ಓರೆಯನ್ನು ಅಳೆಯುವವನು. ಗಾಡಿಯನ್ನು ಯಾರಾದರೂ ಎತ್ತಿ ಎಳೆದೊಯ್ಯಲು ಹವಣಿಸಿದರೆ ಅದರ ವಾಲುವಿಕೆಯಿಂದಲೇ ತಿಳಿದುಕೊಳ್ಳುತ್ತಾನೆ. ಇವರಲ್ಲದೆ ಕೆಲವು ಗಾಡಿಗಳಲ್ಲಿ ಡೆಡ್‌ಲಾಕ್ ಎಂಬ ಮತ್ತೊಂದು ಕಟ್ಟು ಇದೆ. ಕಳ್ಳನು ಗಾಜನ್ನೊಡೆದು ಕೈಯನ್ನು ಒಳಗೆ ಹಾಕಿ ಹಿಡಿಯನ್ನೆಳೆದರೂ ಬಾಗಿಲು ತೆರೆಯಬಾರದೆಂಬುದು ಅದರ ಉದ್ದೇಶ. ಉದ್ದೇಶವೇನೋ ಒಳ್ಳೆಯದೇ. ಆದರೆ ಹಿಡಿಯನ್ನು ಎಳೆಯುವ ಕೈ ಕಳ್ಳನದೋ ಮಗುವಿನದೋ ಎಂದು ಆ ಕಟ್ಟು ವಿಚಾರಿಸುವುದಿಲ್ಲ.

ಒಂದು ರಾತ್ರಿಯನ್ನು ಕಲ್ಪಿಸಿಕೊಳ್ಳೋಣ. ಬಿಡಾರದ ಮೈದಾನದಲ್ಲಿ ಗಾಡಿ ನಿಂತಿದೆ. ತಾಯಿಯೂ ಮಕ್ಕಳೂ ನಿದ್ರಿಸುತ್ತಿದ್ದಾರೆ. ನಡುರಾತ್ರಿ ತಂದೆಯು ಎದ್ದು, ಮೈದಾನದ ಆಚೆ ತುದಿಯಲ್ಲಿರುವ ಶೌಚಗೃಹಕ್ಕೆ ಹೊರಡುತ್ತಾನೆ. ಹೆಂಡತಿ ಮಕ್ಕಳು ಒಳಗಿದ್ದಾರೆ, ಬಾಗಿಲು ತೆರೆದಿರಬಾರದೆಂಬ ಅಕ್ಕರೆಯಿಂದಲೇ ಆತ ಗುಂಡಿಯನ್ನೊತ್ತುತ್ತಾನೆ. ಆತ ಹಾಕಿದ್ದು ಅಗುಳಿಯೆಂದು ಆತನ ಭಾವನೆ, ಬಿದ್ದದ್ದು ಬೀಗ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಕಿರಿಯ ಮಗು ಮಗ್ಗುಲು ಬದಲಿಸುತ್ತದೆ. ಒಳಗಿನ ಕಾವಲುಗಾರನಿಗೆ ಅಷ್ಟೇ ಸಾಕು. ಅಲಾರಂ ಬೊಬ್ಬಿಡುತ್ತದೆ, ದೀಪಗಳು ಮಿನುಗುತ್ತವೆ, ಸುತ್ತಣ ಬಿಡಾರಗಳಲ್ಲಿ ನಿದ್ದೆಗೆಟ್ಟವರು ತಲೆ ಹೊರಹಾಕಿ ನೋಡುತ್ತಾರೆ. ಇದು ನಗೆಯ ಪ್ರಸಂಗವೇ ಆದೀತು. ಆದರೆ ಅದೇ ಗಳಿಗೆಯಲ್ಲಿ ಒಲೆಯ ಅನಿಲ ಸೋರಿತೆನ್ನಿ, ಇಲ್ಲವೆ ಎಲ್ಲಿಯೋ ಬೆಂಕಿಯ ಕಿಡಿ ಕಾಣಿಸಿಕೊಂಡಿತೆನ್ನಿ. ಡೆಡ್‌ಲಾಕ್ ಬಿದ್ದ ಬಾಗಿಲನ್ನು ಒಳಗಿನಿಂದ ಎಷ್ಟು ಎಳೆದರೂ ಅದು ಬಾರದು. ಬೀಗದ ಕೈ ಹೊರಗೆ ಹೋದವನ ಜೇಬಿನಲ್ಲಿದೆ! ಇಂತಹ ಕಟ್ಟು ಬಿದ್ದಿರುವಾಗ ಒಳಗೆ ಯಾರನ್ನೂ ಬಿಡಲಾಗದೆಂದು ತಯಾರಕರ ಕೈಪಿಡಿಗಳು ಎಚ್ಚರಿಸುವುದು ಈ ಕಾರಣದಿಂದಲೇ.

ಹಾಗಾದರೆ ಉಪಾಯವಿಲ್ಲವೆ? ಉಂಟು, ಅದು ಸುಲಭವೂ ಹೌದು. ಫೋಕ್ಸ್‌ವ್ಯಾಗನ್ನಿನ ಅನೇಕ ಗಾಡಿಗಳಲ್ಲಿ, ಎರಡು ಸೆಕೆಂಡುಗಳೊಳಗೆ ಬೀಗದ ಗುಂಡಿಯನ್ನು ಎರಡನೆಯ ಬಾರಿ ಒತ್ತಿದರೆ ಡೆಡ್‌ಲಾಕ್ ಸಡಿಲುತ್ತದೆ. ಒಳಗಿನ ಕಾವಲುಗಾರನೂ ಓರೆಯ ಕಾವಲುಗಾರನೂ ಮಲಗುತ್ತಾರೆ. ಹೊರಗಿನವನಿಗೆ ಮಾತ್ರ ಬಾಗಿಲು ಮುಚ್ಚಿಯೇ ಇರುತ್ತದೆ. ಒಂದು ಸಲ ಒತ್ತಿದರೆ ಬೀಗ, ಎರಡು ಸಲ ಒತ್ತಿದರೆ ಅಗುಳಿ ಎಂದು ನೆನಪಿಟ್ಟುಕೊಂಡರಾಯಿತು. ಎಲ್ಲರೂ ಒಳಗೇ ಇರುವಾಗ ಬೀಗದ ಕೈಯ ಗೊಡವೆಯೇ ಬೇಡ. ಬಾಗಿಲಿನ ಒಳಮೈಯಲ್ಲಿರುವ ಗುಂಡಿಯನ್ನು ಬಳಸಿದರೆ ಅಲಾರಂ ಎಚ್ಚರಗೊಳ್ಳದೆಯೇ ಬಾಗಿಲುಗಳು ಭದ್ರವಾಗುತ್ತವೆ, ಒಳಗಿನ ಹಿಡಿಯನ್ನೆಳೆದರೆ ತೆರೆದುಕೊಳ್ಳುತ್ತವೆ. ಬೇರೆ ತಯಾರಕರ ಗಾಡಿಗಳಲ್ಲಿ ಕ್ರಮವು ಬೇರೆ. ಕೆಲವದರಲ್ಲಿ ಪ್ರತ್ಯೇಕ ಗುಂಡಿ, ಕೆಲವದರಲ್ಲಿ ಪರದೆಯ ಮೇಲಿನ ಆಯ್ಕೆ. ಬಾಡಿಗೆಗೆ ಕೊಡುವವರು ಒಲೆ ಹೊತ್ತಿಸುವುದನ್ನೂ ಹಾಸಿಗೆ ಬಿಡಿಸುವುದನ್ನೂ ಉತ್ಸಾಹದಿಂದ ತೋರಿಸಿಕೊಡುತ್ತಾರೆ. "ಒಳಗೆ ಮಲಗುವಾಗ ಬಾಗಿಲು ಹಾಕುವುದು ಹೇಗೆ? ಒಬ್ಬರು ಹೊರಗೆ ಹೋಗುವಾಗ ಹಾಕುವುದು ಹೇಗೆ?" ಎಂಬ ಎರಡು ಪ್ರಶ್ನೆಗಳನ್ನು ನಾವಾಗಿಯೇ ಕೇಳಬೇಕು.

ಇಲ್ಲಿ ಮತ್ತೊಂದು ಸೂಕ್ಷ್ಮವಿದೆ. ಹೀಗೆ ಮಾಡಿದ ಏರ್ಪಾಡು ಒಂದು ಬಾರಿಗೆ ಮಾತ್ರ. ಬಾಗಿಲನ್ನು ತೆರೆದು ಮರಳಿ ಹಾಕಿದಾಗ ಗಾಡಿಯು ಹಿಂದಿನದನ್ನೆಲ್ಲ ಮರೆತು ಪೂರ್ಣ ಕಾವಲಿಗೆ ನಿಲ್ಲುತ್ತದೆ. ಆದುದರಿಂದ ರಾತ್ರಿ ಮೂರು ಸಲ ಹೊರಗೆ ಹೋದವನು ಮೂರು ಸಲವೂ ಗಾಡಿಗೆ ಹೇಳಿಯೇ ಹೋಗಬೇಕು.

ಸಮುದ್ರವನ್ನು ದಾಟುವಾಗಲೂ ಈ ವಿವೇಕವು ಬೇಕಾಗುತ್ತದೆ. ಡೋವರಿನಿಂದ ಕ್ಯಾಲೆಗೆ ಹೋಗುವ ಹಡಗಿನ ಪಯಣ ಸುಮಾರು ಒಂದೂವರೆ ಗಂಟೆ. ಗಾಡಿಗಳನ್ನು ಕೆಳಗಿನ ಅಟ್ಟದಲ್ಲಿ ನಿಲ್ಲಿಸಿ ಪ್ರಯಾಣಿಕರು ಮೇಲಕ್ಕೆ ಹೋಗಬೇಕು. ಅಲೆಗಳು ಹಡಗನ್ನು ತೂಗುತ್ತವೆ, ಹಡಗು ಗಾಡಿಯನ್ನು ತೂಗುತ್ತದೆ. ಓರೆಯ ಕಾವಲುಗಾರನಾದರೋ ಯಾರೋ ಗಾಡಿಯನ್ನು ಹೊತ್ತೊಯ್ಯುತ್ತಿದ್ದಾರೆಂದು ಕೂಗಿಕೊಳ್ಳುತ್ತಾನೆ. ಅವನನ್ನು ಸುಮ್ಮನಿರಿಸಲು ಒಡೆಯನು ಕೆಳಗಿಳಿದು ಬರುವಂತಿಲ್ಲ. ಬ್ಯಾಟರಿ ಸವೆಯುವುದೊಂದೇ ಲಾಭ! ಹಡಗಿನಲ್ಲಿ ಗಾಡಿಯನ್ನು ಬಿಡುವಾಗ ಓರೆಯ ಕಾವಲನ್ನೂ ಒಳಗಿನ ಕಾವಲನ್ನೂ ಮಲಗಿಸಿ ಹೋಗುವುದೇ ಸರಿ. 1994ರಲ್ಲಿ ತೆರೆದ ಕಡಲಡಿಯ ಸುರಂಗದಲ್ಲಿ ಗಾಡಿಗಳನ್ನು ಹೊತ್ತೊಯ್ಯುವ ರೈಲಿನಲ್ಲಿ ಪ್ರಯಾಣಿಕರು ತಮ್ಮ ಗಾಡಿಯ ಬಳಿಯಲ್ಲಿಯೇ ಇರುತ್ತಾರೆ. ಅಲ್ಲಿ ಬೀಗವೇಕೆ? ಅಗುಳಿಯೂ ಬೇಡ.

ಬೀಗದ ಕೈಯ ವಿಷಯವನ್ನೂ ಹೇಳಿಬಿಡುತ್ತೇನೆ. ಅದರೊಳಗಿನ ನಾಣ್ಯದಾಕಾರದ ಬ್ಯಾಟರಿಯು ಒಂದು ದಿನ ಮುಗಿದೇ ಮುಗಿಯುತ್ತದೆ. ಅಂತಹುದೊಂದನ್ನು ಜೊತೆಗಿಟ್ಟುಕೊಂಡಿರುವುದು ಒಳಿತು. ಅನೇಕ ಬೀಗದ ಕೈಗಳಲ್ಲಿ ನಿಜವಾದ ಲೋಹದ ಕೈಯೊಂದು ಅಡಗಿರುತ್ತದೆ. ಅದರಿಂದ ಚಾಲಕನ ಬಾಗಿಲನ್ನು ತೆರೆಯಬಹುದು. ಆದರೆ ಕೆಲವು ಗಾಡಿಗಳಲ್ಲಿ ಹಾಗೆ ತೆರೆದ ಕೆಲವೇ ಸೆಕೆಂಡುಗಳಲ್ಲಿ ಇಗ್ನಿಷನ್ ತಿರುಗಿಸದಿದ್ದರೆ, ಸ್ವಂತ ಒಡೆಯನನ್ನೇ ಕಳ್ಳನೆಂದು ತಿಳಿದು ಅಲಾರಂ ಕೂಗುತ್ತದೆ. ಇನ್ನು ರಾತ್ರಿಯ ವೇಳೆ ಬೀಗದ ಕೈಗೆ ಒಂದೇ ನೆಲೆಯಿರಲಿ. ಕತ್ತಲಲ್ಲಿ ತಡಕಿದರೂ ದೊಡ್ಡವರ ಕೈಗೆ ಸಿಗುವಂತಿರಲಿ.

ಈ ತಾಪತ್ರಯವೇ ಬೇಡವೆಂದು ಅಲಾರಮನ್ನು ಪೂರ್ತಿಯಾಗಿ ನಿಲ್ಲಿಸಿಬಿಡುವವರೂ ಇದ್ದಾರೆ. ಅವರ ಬೇಸರವು ಅರ್ಥವಾಗದೆ ಇಲ್ಲ. ತೋಳ ಬಂತು ತೋಳ ಎಂದು ಸುಳ್ಳು ಕೂಗಿದ ಕುರಿಯ ಹುಡುಗನಿಗೆ ಕೊನೆಗೆ ಏನಾಯಿತೆಂಬುದನ್ನು ನಾವೆಲ್ಲ ಬಾಲ್ಯದಲ್ಲಿಯೇ ಕೇಳಿದ್ದೇವೆ. ಹಗಲಿಡೀ ಗಾಳಿಗೂ ತೂಗುವ ಪರದೆಗೂ ಮೊರೆಯಿಡುವ ಗಾಡಿಯ ಕೂಗನ್ನು ನಿಜವಾದ ಕಳ್ಳ ಬಂದಾಗ ಯಾರು ತಾನೆ ಲೆಕ್ಕಿಸುತ್ತಾರೆ? ಆದರೆ ಹುಡುಗನ ಬಾಯನ್ನು ಕಟ್ಟುವುದು ಪರಿಹಾರವಲ್ಲ. ಸುಳ್ಳು ಕೂಗಿಗೆ ಎಡೆಯಿಲ್ಲದಂತೆ ಮಾಡುವುದು ಪರಿಹಾರ. ಊರು ನೋಡಲು ಹೊರಟಾಗ ಕಿಟಕಿಗಳನ್ನೂ ಮೇಲಿನ ಮಾಡನ್ನೂ ಮುಚ್ಚಿ, ತೂಗುವ ಸಾಮಾನುಗಳನ್ನು ತೆಗೆದಿಟ್ಟು, ಪೂರ್ಣ ಬೀಗವನ್ನೇ ಹಾಕಿ ಹೋಗಬೇಕು. ಪಾಸ್‌ಪೋರ್ಟು, ಹಣ, ಔಷಧಗಳು ಗಾಡಿಯಲ್ಲಿ ಉಳಿಯದೆ ಜೊತೆಯಲ್ಲಿಯೇ ಬರಲಿ.

ಪ್ರವಾಸದ ಮೊದಲ ದಿನ, ಬೆಳಕಿರುವಾಗಲೇ, ಕಾಲು ಗಂಟೆಯನ್ನು ಇದಕ್ಕಾಗಿ ತೆಗೆದಿಡಬೇಕೆಂದು ನನ್ನ ಸಲಹೆ. ಮನೆಯ ಹಿರಿಯರೊಬ್ಬರು ಒಳಗೆ ಕುಳಿತಿರಲಿ. ಮತ್ತೊಬ್ಬರು ಹೊರಗಿನಿಂದ, ರಾತ್ರಿ ಹಾಕುವ ಕ್ರಮದಲ್ಲಿಯೇ ಬಾಗಿಲು ಹಾಕಲಿ. ಒಂದು ನಿಮಿಷ ಕಾದು, ಒಳಗಿದ್ದವರು ಕೈಕಾಲು ಆಡಿಸಿ ನೋಡಲಿ. ಅಲಾರಂ ಕೂಗದಿದ್ದರೆ ಸರಿ. ಆಮೇಲೆ ಒಳಗಿನ ಹಿಡಿಯನ್ನೆಳೆದು ಬಾಗಿಲನ್ನು ತೆರೆಯಲು ನೋಡಲಿ. ಬಾಗಿಲು ತೆರೆಯುವಾಗ ಅಲಾರಂ ಒಮ್ಮೆ ಕೂಗಿದರೂ ಚಿಂತೆಯಿಲ್ಲ. ಬಾಗಿಲು ತೆರೆಯಿತೆಂಬುದೇ ಮುಖ್ಯ. ಮಕ್ಕಳಿಗೂ ಒಮ್ಮೆ ಆ ಹಿಡಿಯನ್ನು ಎಳೆದು ಅಭ್ಯಾಸವಾಗಲಿ. ಅಷ್ಟಾದ ಮೇಲೆ ಒಲೆ ಹೊತ್ತಿಸಿ ಕಾಫಿ ಕಾಯಿಸಲು ಅಡ್ಡಿಯಿಲ್ಲ.